ಕಾವಲಿನ ಹುಲ್ಲಿಗೆ ಎಷ್ಟು ವಯಸ್ಸು?

ಕೊಳಾಲ, ಕೊರಟಗೆರೆ, ಮಧುಗಿರಿ ಕಡೆ ‘ನೀಲಗಿರಿ’ ಎಂದರೆ ಬೆಟ್ಟ ನೆನಪಾಗುವುದಿಲ್ಲ, ಮರ ನೆನಪಾಗುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಆ ಮರದ ತೋಪುಗಳೂ ಇವೆ, ಪಕ್ಕದ ಬಯಲಲ್ಲಿ ಮೇಯುವ ಜಿಂಕೆಗಳೂ ಇವೆ. 798 ಎಕರೆಯ ಈ ಜಾಗ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು. ಈ ಕಾವಲು, ಅಂದರೆ ಮೇವಿನ ಬಯಲು, ಮೂಲದಿಂದಲೇ ಹುಲ್ಲುಗಾವಲೋ, ಕಡಿದು ಬರಿದಾದ ಕಾಡೋ? ಮರ ನೆಡಬೇಕೇ ಬೇಡವೇ ಎಂಬುದು ಈ ಉತ್ತರದ ಮೇಲೆ ನಿಂತಿದೆ. ಹುಲ್ಲಿನ ಪರ ವಾದಿಸುವವರಿಗೆ ಸಿಗುವ ದೊಡ್ಡ ಸಾಕ್ಷಿ ಇನ್ನೊಂದು ನೀಲಗಿರಿ, ಅಂದರೆ ಬೆಟ್ಟವೇ.

ಆ ಬೆಟ್ಟದ ಮೇಲಿನ, ಸ್ಯಾಂಡಿನಲ್ಲ ಎಂಬಲ್ಲಿರುವಂಥ ಜೌಗುಗಳಲ್ಲಿ ಸತ್ತ ಹುಲ್ಲು, ಎಲೆಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಮತ್ತು ಜೊತೆಗಾರರು ಆ ಪದರಗಳ ಇಂಗಾಲವನ್ನು ಅಳೆದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿಧಾನ ನಮ್ಮ ಹೊಲದ ಉದಾಹರಣೆಯಲ್ಲೇ ತಿಳಿಯುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲಾಗಿ ಅವರೆ ಹಾಕುತ್ತೇವಷ್ಟೆ. ಎರಡೂ ಒಂದೇ ಗಾಳಿಯಿಂದ ಇಂಗಾಲ ತೆಗೆದುಕೊಂಡರೂ ತೆಗೆದುಕೊಳ್ಳುವ ಬಗೆ ಬೇರೆ. ಇಂಗಾಲ-13 ಎಂಬ ಭಾರದ ಇಂಗಾಲವನ್ನು ನಿಗದಿತ ಮಾನಕಕ್ಕೆ ಹೋಲಿಸಿ ಅಳೆದರೆ ರಾಗಿಯ ಗುಂಪಿನ ಹುಲ್ಲುಗಳು ಸಾವಿರಕ್ಕೆ ಸುಮಾರು ಮೈನಸ್ 13ರಲ್ಲೂ, ಅವರೆ, ತೊಗರಿ ಮತ್ತು ಮರಗಳು ಮೈನಸ್ 27ರ ಆಸುಪಾಸಿನಲ್ಲೂ ನಿಲ್ಲುತ್ತವೆ. ಗಿಡ ಮಣ್ಣಾದ ಮೇಲೂ ಈ ಗುರುತು ಉಳಿಯುತ್ತದೆ.

ಹುಲ್ಲಿನ ಪರದವರ ಬಲವಾದ ವಾದ ಇಲ್ಲಿಂದಲೇ ಹುಟ್ಟುತ್ತದೆ. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ಉತ್ತುಂಗದಲ್ಲಿದ್ದಾಗ, ಸಮುದ್ರ ಇಂದಿಗಿಂತ ಸುಮಾರು 120 ಮೀಟರ್ ತಗ್ಗಿನಲ್ಲಿದ್ದಾಗ, ಆ ಜೌಗಿನ ಸುತ್ತ ರಾಗಿಯ ಗುಂಪಿನ ಹುಲ್ಲೇ ಹೆಚ್ಚಾಗಿತ್ತು. ಬೇಸಾಯ ಹುಟ್ಟಲು ಇನ್ನೂ ಸಾವಿರಾರು ವರ್ಷಗಳಿದ್ದವು; ಕಾಡು ಕಡಿದು ಹುಲ್ಲು ಬಂತು ಎನ್ನುವಂತಿಲ್ಲ, ಮಳೆಯ ಕೊರತೆಯೇ ಕಾರಣ ಎಂಬುದು ಅವರ ವಾದ. ನೈಋತ್ಯ ಭಾರತದ ಕಡಲತಳದ ಕೆಸರಿನ ಪರಾಗವನ್ನು ಓದಿ ಸಂಶೋಧಕಿ ವಾನ್ ಕಾಂಪೊ 1986ರಲ್ಲಿ ಬರೆದದ್ದೂ ಆ ಕಾಲದ ಮುಂಗಾರು ಕ್ಷೀಣವಾಗಿತ್ತೆಂದೇ ಹೇಳುತ್ತದೆ.

ಎದುರು ಪಕ್ಷದ ಆಕ್ಷೇಪ ಹಗುರವಾದುದಲ್ಲ. ಅಂಟಾರ್ಕ್ಟಿಕಾದ ಮಂಜಿನಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಪ್ರಕಾರ ಆಗಿನ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 190ರಷ್ಟು; ಕೈಗಾರಿಕೆ ಬರುವ ಮುಂಚೆ ಅದು 280 ಇತ್ತು. ಇಂಗಾಲ ಕಡಿಮೆಯಿದ್ದರೆ ರಾಗಿಯ ಗುಂಪಿನ ಹುಲ್ಲಿಗೇ ಮೇಲುಗೈ. ಹಾಗಾದರೆ ಹುಲ್ಲು ಹೆಚ್ಚಿದ್ದಕ್ಕೆ ಮಳೆಯ ಕೊರತೆಯೇ ಕಾರಣವೆನ್ನುವುದು ಹೇಗೆ? ಇದಕ್ಕೂ ಉತ್ತರವಿಲ್ಲದಿಲ್ಲ. ಅದೇ ಜೌಗಿನ ದಾಖಲೆ ಈಚಿನ ಹತ್ತು ಸಾವಿರ ವರ್ಷಗಳಲ್ಲೂ, ಇಂಗಾಲದ ಮಟ್ಟ ಹೆಚ್ಚೇನೂ ಕದಲದ ಕಾಲದಲ್ಲೂ, ತೇವ ಮತ್ತು ಒಣಹವೆಯ ನಡುವೆ ಓಲಾಡಿದೆ. ಮಳೆಗೂ ಪಾಲಿದೆ ಎಂದಾಯಿತು. ಎಷ್ಟು ಪಾಲು ಎಂಬಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ಪರಾಗವೂ ಪೂರ್ತಿ ತೀರ್ಪು ಕೊಡಲಾರದು: ಹುಲ್ಲುಗಳ ಪರಾಗ ಒಂದರಂತೆ ಇನ್ನೊಂದು ಕಾಣುತ್ತದೆ, ದುಂಬಿ ನಂಬಿದ ಮರಗಳ ಪರಾಗ ಜೌಗಿನವರೆಗೆ ಬರುವುದೇ ಅಪರೂಪ.

ನನಗೆ ಇನ್ನೂ ತೂಕದ್ದೆನಿಸುವ ಆಕ್ಷೇಪ ದೂರದ್ದು. ಆ ಜೌಗುಗಳಿರುವುದು 2,000 ಮೀಟರಿಗೂ ಎತ್ತರದಲ್ಲಿ. ಅಲ್ಲಿ ಚಳಿಗಾಲದ ಇಬ್ಬನಿ ಹೆಪ್ಪುಗಟ್ಟಿ ತೆರೆದ ಜಾಗದ ಮರದ ಸಸಿಗಳನ್ನು ಕೊಲ್ಲುತ್ತದೆ. ಮೈದನಹಳ್ಳಿಯಲ್ಲಿ ಅಂಥ ಚಳಿಯಿಲ್ಲ. ಇಲ್ಲಿ ಸಸಿಯನ್ನು ತಡೆಯುವುದು ಕಡಿಮೆ ಮಳೆ, ಬೆಂಕಿ, ಮೇಯುವ ದನ, ಕುರಿ. ಬೆಟ್ಟದ ಹುಲ್ಲು ಹಳೆಯದೆಂದ ಮಾತ್ರಕ್ಕೆ ಬಯಲಿನ ಹುಲ್ಲೂ ಹಳೆಯದೆನ್ನಲಾಗದು. ಮನುಷ್ಯನನ್ನು ಲೆಕ್ಕದಿಂದ ಪೂರ್ತಿ ಬಿಡುವಂತೆಯೂ ಇಲ್ಲ: ಇದೇ ಜಿಲ್ಲೆಯ ಕಿಬ್ಬನಹಳ್ಳಿಯಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧಗಳು ಸಿಕ್ಕಿವೆ, ಬೆಂಕಿ ಹಚ್ಚಲು ಕೊಡಲಿಯೇ ಬೇಕೆಂದಿಲ್ಲ.

ಹಾಗಾದರೆ ಇಲ್ಲಿನ ಮಣ್ಣನ್ನೇ ಕೇಳಬಹುದಲ್ಲ? ಕೆರೆಯ ಹೂಳು ಈ ಕೆಲಸಕ್ಕೆ ಬಾರದು. ಕೆರೆಗಳಿಗೆ ಶತಮಾನಗಳ ವಯಸ್ಸಷ್ಟೆ, ಹೂಳನ್ನೂ ಹೊಲಕ್ಕೆ ಹೊಡೆದಾಗಿರುತ್ತದೆ. ಗುಂಡಿ ತೋಡುವಾಗ ಗುದ್ದಲಿಗೆ ತಾಗುವ ಬಿಳಿಯ ಸುಣ್ಣಕಲ್ಲಿನ ಉಂಡೆಗಳು ಹೆಚ್ಚು ಭರವಸೆಯವು. ತಾವು ಬೆಳೆದ ಕಾಲದಲ್ಲಿ ಮೇಲಿದ್ದ ಗಿಡಗಳ ಇಂಗಾಲದ ಗುರುತನ್ನು ಅವು ಹಿಡಿದಿಟ್ಟಿರುತ್ತವೆ. ಆದರೆ ಒಂದು ಉಂಡೆ ಬೆಳೆಯಲು ಸಾವಿರಾರು ವರ್ಷ ಹಿಡಿಯಬಹುದು, ನಡುವೆ ಕರಗಿ ಮತ್ತೆ ಗಟ್ಟಿಯಾಗಿರಲೂಬಹುದು. ಜೌಗಿನ ಪದರದಂತೆ ಪುಟ ತಿರುಗಿಸಿ ಓದುವ ಪುಸ್ತಕವಲ್ಲ ಅದು. ಒಂದರ ಮೇಲೊಂದು ಬರೆದ ಸ್ಲೇಟು.

ಎರಡು ಕಡೆಯನ್ನೂ ತೂಗಿದರೆ ಎಚ್ಚರದಿಂದ ಇಷ್ಟು ಹೇಳಬಹುದೆಂದು ತೋರುತ್ತದೆ. ಮರವಿಲ್ಲದ ನೆಲವೆಲ್ಲ ಕಳೆದುಹೋದ ಕಾಡು ಎಂಬ ಪೂರ್ವಗ್ರಹವನ್ನು ತಡೆಯಲು ಬೆಟ್ಟದ ಸಾಕ್ಷ್ಯ ಸಾಕು. ಕಾವಲಿನಲ್ಲಿ ಎಂದೂ ಮರ ಕೂಡದೆಂದು ತೀರ್ಪು ಕೊಡಲು ಸಾಲದು. ಸಸಿ ನೆಡಲು ಗುಂಡಿ ತೆಗೆಯುವವರು ಮೊದಲು ಕೆಲವೇ ಗುಂಡಿ ತೆಗೆದು, ಆಳದ ಮಣ್ಣನ್ನೂ ಒಂದೆರಡು ಸುಣ್ಣಕಲ್ಲನ್ನೂ ಚೀಟಿ ಬರೆದ ಚೀಲಗಳಲ್ಲಿ ಹಾಕಿ ಪ್ರಯೋಗಾಲಯಕ್ಕೆ ಕಳಿಸಲಿ. ಫಲಿತಾಂಶ ಬರುವ ಹೊತ್ತಿಗೆ ಒಂದು ಮಳೆಗಾಲ ಕಳೆಯಬಹುದು. ಆ ಒಂದು ಮಳೆಗಾಲ ಜಿಂಕೆಗಳು ಮೇಯುತ್ತಿರುತ್ತವೆ, ನರ್ಸರಿಯ ಸಸಿ ಇನ್ನೊಂದು ಅಡಿ ಬೆಳೆದಿರುತ್ತದೆ.