ಎಸೆದರೆ ಮಾತ್ರ ಶುಚಿಯೇ?

ಮಕ್ಕಳೇ, ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣದ ಕಸದ ಡಬ್ಬಿಗಳನ್ನು ನೋಡಿದ್ದೀರಾ? ರಕ್ತ ಅಂಟಿದ ಹತ್ತಿ ಹಳದಿ ಡಬ್ಬಿಗೆ, ಗ್ಲೂಕೋಸ್ ಕೊಳವೆ ಕೆಂಪಿಗೆ, ಸೂಜಿ ಬಿಳಿಗೆ, ಔಷಧಿಯ ಗಾಜಿನ ಸೀಸೆ ನೀಲಿಗೆ. ಆಸ್ಪತ್ರೆಯ ಕಸವನ್ನು ಹೀಗೆ ಬೇರ್ಪಡಿಸಬೇಕೆಂದು 2016ರ ನಿಯಮಗಳು ಹೇಳುತ್ತವೆ. ಒಳ್ಳೆಯದೇ. ಆದರೆ ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳಬೇಕು. ಇಷ್ಟೊಂದು ವಸ್ತುಗಳು ಕಸವಾಗಲೇಬೇಕೇ?

‘ಆಸ್ಪತ್ರೆಯಲ್ಲಿ ಒಮ್ಮೆ ಬಳಸಿ ಎಸೆದರೆ ಮಾತ್ರ ಶುಚಿ’ ಎಂದು ಹಲವರು ನಂಬಿದ್ದಾರೆ. ಈ ಮಾತು ಅರ್ಧ ಮಾತ್ರ ನಿಜ. ಒಬ್ಬರಿಗೆ ಚುಚ್ಚಿದ ಸೂಜಿಯನ್ನು, ಸಿರಿಂಜನ್ನು ಇನ್ನೊಬ್ಬರಿಗೆ ಬಳಸಲೇಬಾರದು. ಹಾಗೆ ಮಾಡಿದರೆ ಎಚ್‌ಐವಿ, ಹೆಪಟೈಟಿಸ್-ಬಿ ಸೋಂಕು ತಗಲಬಹುದು. ಆದರೆ ಸ್ಟೀಲಿನ ಕತ್ತರಿ, ಚಿಮಟ, ಶಸ್ತ್ರಚಿಕಿತ್ಸೆಯ ವೇಳೆ ತೊಡುವ ಬಟ್ಟೆಯ ನಿಲುವಂಗಿ, ಇವುಗಳ ವಿಷಯವೇ ಬೇರೆ.

ಮನೆಯ ಕುಕ್ಕರನ್ನು ನೆನಪಿಸಿಕೊಳ್ಳಿ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಉರಿ ಹೆಚ್ಚಿಸಿದರೂ ಅದರ ಉಷ್ಣತೆ ಏರುವುದಿಲ್ಲ. ಮುಚ್ಚಿದ ಕುಕ್ಕರಿನಲ್ಲಿ ಹಬೆಯ ಒತ್ತಡ ಹೆಚ್ಚಿ, ಉಷ್ಣತೆ ಸುಮಾರು 120 ಡಿಗ್ರಿ ಮುಟ್ಟುತ್ತದೆ. ಆಸ್ಪತ್ರೆಯ ‘ಆಟೋಕ್ಲೇವ್’ ಯಂತ್ರ ಕೆಲಸ ಮಾಡುವುದೂ ಇದೇ ತತ್ವದಿಂದ. ಕುದಿಯುವ ನೀರಿನಲ್ಲೂ ಸಾಯದ ಬ್ಯಾಕ್ಟೀರಿಯಾಗಳ ಬೀಜಾಣುಗಳು 121 ಡಿಗ್ರಿಯ ಹಬೆಯಲ್ಲಿ ಸಾಕಷ್ಟು ಹೊತ್ತು ಇದ್ದರೆ ನಾಶವಾಗುತ್ತವೆ. ಹೀಗೆ ಶುದ್ಧವಾದ ಕತ್ತರಿಯನ್ನು ಏಕೆ ಎಸೆಯಬೇಕು?

ಇದನ್ನು ಮಾಡಿ ತೋರಿಸಿದವರು ನಮ್ಮ ನೆರೆಯ ತಮಿಳುನಾಡಿನಲ್ಲೇ ಇದ್ದಾರೆ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು ಮಧುರೆಯಲ್ಲಿ ಕೇವಲ 11 ಹಾಸಿಗೆಗಳೊಂದಿಗೆ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಆರಂಭಿಸಿದರು. ಆ ಸಂಸ್ಥೆಯಲ್ಲಿ ಉಪಕರಣಗಳನ್ನು ಹಬೆಯಿಂದ ಶುದ್ಧಗೊಳಿಸಿ ಮತ್ತೆ ಮತ್ತೆ ಬಳಸುತ್ತಾರೆ. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿ ಕಣ್ಣಿನ ಪೊರೆಯ ಒಂದು ಶಸ್ತ್ರಚಿಕಿತ್ಸೆಯಿಂದ ಬರುವ ಕಸ ಸುಮಾರು 250 ಗ್ರಾಂ ಮಾತ್ರ. ಅದರಿಂದ ಗಾಳಿಗೆ ಸೇರುವ ಹಸಿರುಮನೆ ಅನಿಲಗಳು ಸುಮಾರು 6 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಬ್ರಿಟನ್ನಿನಲ್ಲಿ ಇದೇ ಶಸ್ತ್ರಚಿಕಿತ್ಸೆಗೆ ಅದರ ಸುಮಾರು 20 ಪಟ್ಟು! ಹಾಗೆಂದು ಅರವಿಂದದ ಚಿಕಿತ್ಸೆ ಕಡಿಮೆ ಗುಣಮಟ್ಟದ್ದಲ್ಲ. ಎರಡೂ ಕಡೆಯ ಫಲಿತಾಂಶಗಳು ಸರಿಸಮವಾಗಿವೆ ಎಂದೂ ಅಧ್ಯಯನ ತಿಳಿಸಿದೆ.

ಹಬೆಗೂ ವಿದ್ಯುತ್ ಬೇಕಲ್ಲವೇ, ತೊಳೆಯಲು ನೀರು ಬೇಕಲ್ಲವೇ ಎಂದು ನೀವು ಕೇಳಬಹುದು. ಬೇಕು. ಆದರೆ ಹೊಸ ಕತ್ತರಿಯನ್ನು ಮಾಡಲು ಅದಿರು ಅಗೆಯಬೇಕು, ಕುಲುಮೆಯಲ್ಲಿ ಕರಗಿಸಬೇಕು, ದೂರದಿಂದ ಸಾಗಿಸಬೇಕು. ಆಟೋಕ್ಲೇವ್ ಒಂದೇ ಸಲಕ್ಕೆ ಹಲವು ಉಪಕರಣಗಳನ್ನು ಶುದ್ಧಮಾಡುತ್ತದೆ.

ರೋಗ ಗುಣಪಡಿಸುವ ಜಾಗವೇ ಗಾಳಿ, ನೀರು, ಮಣ್ಣನ್ನು ಕೆಡಿಸಿದರೆ ಹೊಸ ರೋಗಗಳಿಗೆ ದಾರಿಯಾಗುತ್ತದೆ. ಆದ್ದರಿಂದ ಯಾವುದನ್ನು ಎಸೆಯಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ಅಭ್ಯಾಸಬಲವಲ್ಲ, ವಿಜ್ಞಾನ ತೀರ್ಮಾನಿಸಬೇಕು ಎಂಬುದು ನನ್ನ ಅಭಿಪ್ರಾಯ.

ನೀವೂ ಕೈಜೋಡಿಸಬಹುದು. ವೈದ್ಯರು ಮಾತ್ರೆ ಸಾಕೆಂದರೆ ಇಂಜೆಕ್ಷನ್ನೇ ಬೇಕೆಂದು ಹಟ ಹಿಡಿಯಬೇಡಿ. ಆಸ್ಪತ್ರೆಗೆ ಹೋಗುವಾಗ ಮನೆಯಿಂದಲೇ ಸ್ಟೀಲ್ ಬಾಟಲಿಯಲ್ಲಿ ನೀರು ಒಯ್ಯಿರಿ. ಬಾಳೆಹಣ್ಣಿನ ಸಿಪ್ಪೆಯನ್ನು ಹಳದಿ ಡಬ್ಬಿಗೆ ಹಾಕಬೇಡಿ. ಮುಂದಿನ ಸಲ ಆರೋಗ್ಯ ಕೇಂದ್ರಕ್ಕೆ ಹೋದಾಗ, ‘ಇಲ್ಲಿ ಆಟೋಕ್ಲೇವ್ ಎಲ್ಲಿದೆ?’ ಎಂದು ದಾದಿಯವರನ್ನು ಕೇಳಿ ನೋಡಿ.