ಕಷ್ಟಜೀವಿ ಅನ್ನಬೇಡಿ, ಕಾಯಿಲೆಯ ಹೆಸರು ಬರೆಯಿರಿ



ದುಡಿದು ದುಡಿದು ಸಾಯುತ್ತಿರುವ ಮನುಷ್ಯನಿಗೆ ಈ ಸಮಾಜ ಕೊಡುವ ಬಿರುದು ಒಂದೇ: 'ಪಾಪ, ಕಷ್ಟಜೀವಿ'. ಈ ಮಾತು ಕೇಳಿದರೆ ನಮಗೆ ಮೈ ಉರಿಯುತ್ತದೆ. ಕಷ್ಟ ಅನ್ನುವುದು ಅವನು ಹುಟ್ಟುವಾಗಲೇ ತಂದುಕೊಂಡ ಗುಣವೋ ಎಂಬಂತೆ ಹೇಳುತ್ತಾರೆ. ಕಷ್ಟ ಕೊಟ್ಟವರು ಯಾರು, ಲಾಭ ಉಂಡವರು ಯಾರು ಅಂತ ಕೇಳುವವರಿಲ್ಲ.

ನಮ್ಮ ಮಾವ ಸಾಯುತ್ತಿದ್ದಾರೆ. ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲು ಕೊರೆದವರು. 1973ರಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲಿ, ಗುಡಿಯಾತ್ತಂ ಕಡೆಯ ಚೇರಿಯಿಂದ ಬಂದರು. ಅಲ್ಲಿ ಜಮೀನ್ದಾರನ ಹೊಲದಲ್ಲಿ ಜೀತ. ಇಲ್ಲಿ ತಿಂಗಳಿಗೆ ಸಂಬಳ, ಲೈನಿನಲ್ಲೊಂದು ಗೂಡು. ಜೀತ ತಪ್ಪಿಸಿಕೊಳ್ಳಲು ಭೂಮಿಯೊಳಕ್ಕೆ ಇಳಿದರು. ಈಗ ಮಲಗಿದರೆ ಉಸಿರು ಸಿಗುವುದಿಲ್ಲ, ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಾರೆ. ಅಳಿಯನನ್ನು ಇವತ್ತಿಗೂ ತಮಿಳಲ್ಲೇ ಕರೆಯುತ್ತಾರೆ: 'ಕಲ್ಲು ಎದೇಲೇ ಕೂತ್ಕೊಂಡ್ಬಿಡ್ತು ಮಾಪಿಳ್ಳೈ.'

ಇದು ಅವರೊಬ್ಬರ ಕತೆಯಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಆಳಕ್ಕೆ ಇಳಿದವರಲ್ಲಿ ಬಹಳಷ್ಟು ಮಂದಿ ಉತ್ತರ ಆರ್ಕಾಟಿನ ಚೇರಿಗಳ ಅಸ್ಪೃಶ್ಯರು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಕೆಳಗೆ ಹೋದರು. ಸುಮಾರು 120 ವರ್ಷದಲ್ಲಿ ಎತ್ತಿಕೊಟ್ಟ ಚಿನ್ನ 800 ಟನ್ನಿನಷ್ಟು. ಲೈನು ಮನೆಗೆ ಬಂದದ್ದು ಧೂಳು.

ಆ ಧೂಳಿಗೆ ಹೆಸರಿದೆ: ಸಿಲಿಕಾ. ಕಲ್ಲು ಕೊರೆಯುವಾಗ ಏಳುವ, ಕಣ್ಣಿಗೆ ಕಾಣದ ಪುಡಿ ಶ್ವಾಸಕೋಶಕ್ಕಿಳಿದು, ಗಾಯ ಮಾಡಿ, ಅದನ್ನು ಗಟ್ಟಿಯಾಗಿಸುತ್ತದೆ. ಕೆಲಸ ಬಿಟ್ಟರೂ ಕಾಯಿಲೆ ಬಿಡುವುದಿಲ್ಲ. ವಾಸಿ ಮಾಡುವ ಮದ್ದಿಲ್ಲ. ಬೆನ್ನಿಗೆ ಟಿ.ಬಿ.ಯೂ ಸುಲಭವಾಗಿ ಹತ್ತುತ್ತದೆ. 1940ರ ದಶಕದಲ್ಲೇ ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಗೊತ್ತಿರಲಿಲ್ಲ ಅನ್ನಲು ಯಾರಿಗೂ ಬಾಯಿಲ್ಲ.

ಆದರೆ ಮಾವನ ಆಸ್ಪತ್ರೆ ಚೀಟಿಯಲ್ಲಿರುವುದೇನು? 'ಹಳೆ ಟಿ.ಬಿ., ವಯಸ್ಸಿನ ನಿಶ್ಶಕ್ತಿ'. ಏನು ಕೆಲಸ ಮಾಡ್ತಿದ್ರಿ ಅಂತ ಒಂದು ಮಾತು ಕೇಳಲಿಲ್ಲ. ಟಿ.ಬಿ. ಅಂದರೆ ತಪ್ಪು ರೋಗಿಯದು: ಕೇರಿಯ ಕೊಳಕು, ಬೀಡಿ, ಸಾರಾಯಿ. ಸಿಲಿಕೋಸಿಸ್ ಅಂದರೆ ಪರಿಹಾರದ ಲೆಕ್ಕ ಏಳುತ್ತದೆ, ದುಡಿಸಿಕೊಂಡವರು ಉತ್ತರ ಹೇಳಬೇಕಾಗುತ್ತದೆ. ಒಂದು ಪದ ಬದಲಾದರೆ ಅನ್ಯಾಯವೆಲ್ಲ ಹಣೆಬರಹವಾಗಿಬಿಡುತ್ತದೆ. ಪುರೋಹಿತ ಮಂತ್ರದಲ್ಲಿ ಹೇಳುತ್ತಿದ್ದ ಕರ್ಮಸಿದ್ಧಾಂತವನ್ನು ಈಗ ರಿಜಿಸ್ಟರು ಹೇಳುತ್ತಿದೆ.

ಇನ್ನು ಕೆಲವರ ತಕರಾರು: 'ಅವರು ತಮಿಳರಲ್ಲವಾ? ಹೊರಗಿನವರು.' ಈ ನೆಲದ ಹೊಟ್ಟೆಯೊಳಗೆ ಮೂರು ಕಿಲೋಮೀಟರ್ ಹೋದವನು ಹೊರಗಿನವನಾದರೆ ಒಳಗಿನವರು ಯಾರಪ್ಪಾ? ಅವರು ಬರೀ ತೋಳು ತಂದವರೂ ಅಲ್ಲ. ಬಾಬಾಸಾಹೇಬರು 1956ರಲ್ಲಿ ದೀಕ್ಷೆ ಪಡೆಯುವುದಕ್ಕೆ ಎಷ್ಟೋ ದಶಕ ಮೊದಲೇ ಅಯೋತ್ತಿದಾಸರ ಬೌದ್ಧ ಸಂಘ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿತ್ತು. 1930ರಲ್ಲಿ ಬೆರಳಚ್ಚು ಕೊಡಲೊಲ್ಲೆವೆಂದು ಗಣಿಯೇ ಮುಷ್ಕರ ಹೂಡಿತ್ತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಉಳಿದದ್ದು ಸಯನೈಡ್ ದಿಬ್ಬ. ಗಾಳಿ ಎದ್ದರೆ ಅದರ ಪುಡಿ ಊರ ಮೇಲೆ. ಮಕ್ಕಳು ಕತ್ತಲಲ್ಲೇ ಎದ್ದು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಪ್ಪ ಒಂದು ಸಲ ವಲಸೆ ಬಂದ. ಮಕ್ಕಳಿಗೆ ದಿನವೂ ವಲಸೆ. 2018ರಲ್ಲಿ ಸಿನಿಮಾ ಬಂದ ಮೇಲೆ ಕೆ.ಜಿ.ಎಫ್. ಅಂದರೆ ದೇಶವೆಲ್ಲ ಶಿಳ್ಳೆ ಹೊಡೆಯುತ್ತದೆ. ಈ ಕೆಮ್ಮು ಯಾರ ಕಿವಿಗೂ ಬಿದ್ದಿಲ್ಲ.

ಹಾಗಾದರೆ ಮಾವನಿಗೆ ಗೌರವ ಅಂದರೇನು? ಶಾಲು ಬೇಡ, ಹಾರ ಬೇಡ, ತಿಥಿ ಊಟವೂ ಬೇಡ. ಅವರು ಉಸಿರಾಡುತ್ತಿರುವಾಗಲೇ ಎಕ್ಸ್‌ರೇ ತೆಗೆದು, ದುಡಿಮೆಯ ಚರಿತ್ರೆ ಕೇಳಿ, ಕಾಯಿಲೆಯ ನಿಜವಾದ ಹೆಸರು ಬರೆಯಬೇಕು. ರಾಜಸ್ಥಾನ 2019ರಲ್ಲಿ ಸಿಲಿಕೋಸಿಸ್ ನೀತಿ ತಂದು ರೋಗಿಗೆ ಪರಿಹಾರ, ಪಿಂಚಣಿ ಅಂತ ಬರೆದುಕೊಟ್ಟಿತು. ನಮ್ಮಲ್ಲೂ ಅದು ಆಗಬೇಕು.

ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ನಾವು ಅಕ್ಷರ ಕಲಿತದ್ದು ಯಾವ ಕೆಲಸಕ್ಕೆ? ನಿಮ್ಮೂರಲ್ಲಿ ಕಲ್ಲು ಕ್ವಾರಿ, ಜಲ್ಲಿ ಕ್ರಷರ್ ಇದ್ದರೆ ಕೆಮ್ಮುವವರ ಮನೆಗೆ ಹೋಗಿ. ಎಷ್ಟು ವರ್ಷ, ಯಾವ ಕಲ್ಲು, ಯಾರ ಕೈಕೆಳಗೆ ದುಡಿದರು ಅಂತ ಬರೆದುಕೊಳ್ಳಿ. ಸಂಬಳದ ಚೀಟಿ ಇದ್ದರೆ ಜೋಪಾನ ಮಾಡಿಸಿ. ಅದೆಲ್ಲವನ್ನೂ ಡಾಕ್ಟರ ಮೇಜಿನ ಮೇಲಿಡಿ. ಸಿಲಿಕೋಸಿಸ್ ಇರುವ ಕಡೆ ಸಿಲಿಕೋಸಿಸ್ ಅಂತ ಬರೆಯುವತನಕ ಆ ಮೇಜು ಬಿಟ್ಟು ಏಳಬೇಡಿ.