ಬಿಸಿಲು, ಚಳಿ ಮತ್ತು ದುಡಿಯುವವರ ಎದೆಬಡಿತ



ಕುಸುಬೆ ಬೆಳೆಯುವವರಿಗೆ ಕೊಯ್ಲಿನ ಹೊತ್ತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಬ್ಬನಿಗೆ ಮುಳ್ಳು ಮೆತ್ತಗಿರುವಾಗಲೇ ನಸುಕಿನಲ್ಲಿ ಕೊಯ್ದು, ಬಿಸಿಲೇರುವ ಮೊದಲು ಕುಡುಗೋಲು ಕೆಳಗಿಡುತ್ತಾರೆ. ಕೈಗೆ ಚುಚ್ಚುವ ಮುಳ್ಳಿಗಾಗಿ ಕೆಲಸದ ಹೊತ್ತನ್ನು ಬದಲಿಸಿಕೊಂಡ ನಾವು, ಅದೇ ಹೊಲದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ತೊಗರಿ ಕೂಳೆ ಆಯುವಾಗ, ಗೊಬ್ಬರ ಹರಡುವಾಗ, ಬದು ಹಾಕುವಾಗ ಮಾತ್ರ ನಡುಮಧ್ಯಾಹ್ನವನ್ನೂ ಲೆಕ್ಕಿಸುವುದಿಲ್ಲ. ಮುಳ್ಳು ಚುಚ್ಚಿದರೆ ಕೂಡಲೇ ತಿಳಿಯುತ್ತದೆ. ಬಿಸಿಲು ಹೃದಯಕ್ಕೆ ಮಾಡುವ ಕೆಡುಕು ಕಣ್ಣಿಗೆ ಕಾಣುವುದಿಲ್ಲ.

ನಾನು ಬೇಸಾಯ ಶಾಸ್ತ್ರದವನು, ವೈದ್ಯನಲ್ಲ. ಆದರೆ ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿರಿ, ಕಳೆ ಆಯಿರಿ ಎಂದು ಶಿಫಾರಸು ಬರೆಯುವವರು ನಾವೇ. ಎಷ್ಟು ಸೆಂಟಿಮೀಟರ್ ಆಳ, ಎಕರೆಗೆ ಎಷ್ಟು ಗಾಡಿ ಗೊಬ್ಬರ ಎಂದು ಹೇಳುವ ನಾವು, ಆ ಕೆಲಸ ಯಾವ ಹೊತ್ತಿನಲ್ಲಿ ಆಗಬೇಕೆಂಬುದನ್ನೂ ಹೇಳಬೇಕಾಗಿತ್ತು.

ಹೃದಯದ ಬಲ ಮೇಲ್ಕೋಣೆಯಲ್ಲಿರುವ ಒಂದು ಸಣ್ಣ ಗಂಟು ವಿದ್ಯುತ್ ಮಿಡಿತವನ್ನು ಹುಟ್ಟಿಸಿ ಬಡಿತದ ಲಯವನ್ನು ನಡೆಸುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ ನಿಮಿಷಕ್ಕೆ 60ರಿಂದ 100 ಬಡಿತ ಸಹಜ. ಹೊರಗೆ ಕಾವು ಏರಿದಾಗ ದೇಹವು ರಕ್ತವನ್ನು ಚರ್ಮದ ಕಡೆಗೆ ಹರಿಸಿ ಬಿಸಿಯನ್ನು ಹೊರಹಾಕಲು ನೋಡುತ್ತದೆ. ಅದಕ್ಕಾಗಿ ಹೃದಯ ಹೆಚ್ಚು ಓಡಬೇಕು. ಮೈಯೊಳಗಿನ ಬಿಸಿ ಒಂದು ಡಿಗ್ರಿ ಸೆಂಟಿಗ್ರೇಡ್ ಹೆಚ್ಚಿದರೆ ಬಡಿತ ಸುಮಾರು 10ರಷ್ಟು ಹೆಚ್ಚುತ್ತದೆ. ಬಿರುಸಿನ ಕೆಲಸದಲ್ಲಿ ಗಂಟೆಗೆ ಒಂದು ಲೀಟರಿನವರೆಗೆ, ಕೆಲವರಿಗೆ ಇನ್ನೂ ಹೆಚ್ಚಾಗಿ, ಬೆವರು ಹೋಗುತ್ತದೆ. ನೀರು ಹೋದಷ್ಟೂ ರಕ್ತದ ಪ್ರಮಾಣ ತಗ್ಗಿ, ಹೃದಯದ ಓಟ ಮತ್ತೂ ಹೆಚ್ಚುತ್ತದೆ.

ನೀರಿನ ಜೊತೆ ಲವಣಗಳೂ ಹೋಗುತ್ತವೆ. ಪೊಟ್ಯಾಷ್ ಕಡಿಮೆಯಾದ ಬೆಳೆ ಬರಗಾಲವನ್ನು ತಾಳದೆಂಬುದು ನಿಮಗೆ ತಿಳಿದದ್ದೇ; ಎಲೆಯ ರಂಧ್ರಗಳು ಸರಿಯಾಗಿ ತೆರೆದು ಮುಚ್ಚಲು ಅದು ಬೇಕು. ಅದೇ ಪೊಟ್ಯಾಸಿಯಂ ನಮ್ಮ ಹೃದಯದ ಮಿಡಿತಕ್ಕೂ ಬೇಕು. ಅದರ ಸಮತೋಲ ತಪ್ಪಿದರೆ ಲಯ ತಪ್ಪಬಹುದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಹೆಚ್ಚು. ಅಂಥವರು ಬೇಸಿಗೆಗೆ ಮುನ್ನ ವೈದ್ಯರನ್ನು ಒಮ್ಮೆ ಕೇಳಬೇಕು. ತಾವಾಗಿ ಮಾತ್ರೆ ನಿಲ್ಲಿಸಬಾರದು. ಉಳಿದವರಿಗೆ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ಎಳನೀರು ಒಳ್ಳೆಯವು. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಎಳನೀರನ್ನೂ ಕೇಳಿಯೇ ಕುಡಿಯಬೇಕು.

ಲಯ ತಪ್ಪುವುದರಲ್ಲಿ ಹಲವು ಬಗೆ. ಒಂದರಲ್ಲಿ ಹೃದಯದ ಮೇಲಿನ ಕೋಣೆಗಳು ಒಟ್ಟಾಗಿ ಮಿಡಿಯದೆ ಅದುರತೊಡಗುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಇದಕ್ಕೆ ಬಿಸಿಲೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ವಯಸ್ಸು, ರಕ್ತದೊತ್ತಡ, ಸಾರಾಯಿ ಇವೆಲ್ಲ ನೆಲವನ್ನು ಹದ ಮಾಡಿಟ್ಟಿರುತ್ತವೆ.

ಚಳಿಯೂ ಕಡಿಮೆಯದಲ್ಲ. ಬೀದರ್, ವಿಜಯಪುರದ ಕಡೆ ಡಿಸೆಂಬರ್ ನಸುಕಿನಲ್ಲಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ರಾತ್ರಿಪಾಳಿಯ ತ್ರೀಫೇಸ್ ವಿದ್ಯುತ್ ಬಂತೆಂದು ಅರವತ್ತು ದಾಟಿದ ಯಜಮಾನರು ಕಂಬಳಿಯಿಂದೆದ್ದು, ಬರಿಗಾಲಲ್ಲಿ ತಣ್ಣೀರಿನ ಕಾಲುವೆಗೆ ಇಳಿಯುತ್ತಾರೆ. ಚಳಿಗೆ ರಕ್ತನಾಳಗಳು ಬಿಗಿದುಕೊಂಡು ಒತ್ತಡ ಏರುತ್ತದೆ, ಹೃದಯಕ್ಕೆ ಹೊರೆ ಬೀಳುತ್ತದೆ. ಅದರ ಮೇಲೊಂದು ಬೀಡಿ! ಮನೆಯಲ್ಲಿ ಹರೆಯದವರಿದ್ದರೆ ಆ ಕೆಲಸ ಅವರಿಗಿರಲಿ. ಇಲ್ಲವಾದರೆ ತಲೆ-ಕಿವಿ ಮುಚ್ಚಿ, ಕಾಲಿಗೆ ಗಂಬೂಟು ಹಾಕಿ ಹೋಗಿರಿ.

ಔಷಧಿ ಸಿಂಪಡಿಸುವವರಿಗೆ ಇನ್ನೊಂದು ಮಾತು. ಸೆಕೆ ತಾಳದೆ ಅಂಗಿ ಬಿಚ್ಚಿ ಪಂಪು ಹೊರುವುದನ್ನು ಕಂಡಿದ್ದೇನೆ. ಬೆವರಿದ ಬಿಸಿ ಚರ್ಮದ ಮೂಲಕ ವಿಷ ಬೇಗ ಒಳಸೇರುತ್ತದೆ. ರಂಜಕಯುಕ್ತ ಕೀಟನಾಶಕಗಳು ಹೃದಯದ ಲಯವನ್ನೇ ಕೆಡಿಸಬಲ್ಲವು.

ಈಗ ಹೊತ್ತಿನ ವಿಚಾರ. ಕಲಬುರಗಿ ವಿಭಾಗದಲ್ಲಿ ಮತ್ತು ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳಿಗೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಆದೇಶ ವರ್ಷ ವರ್ಷವೂ ಬರುತ್ತಿದೆ. ಫ್ಯಾನಿನ ಕೆಳಗೆ ಕುಳಿತವರಿಗೆ ಸಲ್ಲುವ ಈ ಅನುಕೂಲ ಹೊಲದಲ್ಲಿ ನಿಂತವರಿಗೆ ಏಕೆ ಬೇಡ? ಬೆಳಿಗ್ಗೆ 6ರಿಂದ 11, ಬೇಕಿದ್ದರೆ ಸಂಜೆ 4ರ ನಂತರ ಎರಡು ಗಂಟೆ, ಇಷ್ಟಕ್ಕೇ ಪೂರ್ತಿ ದಿನಗೂಲಿ ಕೊಡಿರಿ. ಕೂಲಿ ಕಡಿತವಾಗುವುದಾದರೆ ಯಾರೂ ನೆರಳಿಗೆ ಕೂರುವುದಿಲ್ಲ. ಎದೆ ಡವಡವ ಎಂದರೂ ಸಾಲು ಮುಗಿಸಿಯೇ ಏಳುತ್ತಾರೆ. ನಸುಕಿನಲ್ಲಿ ನೀರು ತಂದು ರೊಟ್ಟಿ ಬಡಿಯಬೇಕಾದ ಹೆಣ್ಣುಮಕ್ಕಳಿಗೆ 6 ಗಂಟೆ ಕಷ್ಟವೆಂಬುದು ನಿಜ. ಅವರು 7ಕ್ಕೆ ಬಂದರೂ 11ಕ್ಕೇ ಬಿಡಿರಿ. ಪಟ್ಟಣದಿಂದ ಹಿಂತಿರುಗಿ ಹೊಸದಾಗಿ ಬಿಸಿಲಿಗೆ ಇಳಿದವರಿಗೆ ಮೊದಲ ವಾರ ಅರ್ಧ ಕೆಲಸ ಸಾಕು. ದೇಹ ಬಿಸಿಲಿಗೆ ಒಗ್ಗಲು ಒಂದೆರಡು ವಾರವೇ ಬೇಕು.

ನಾಡಿ ನೋಡುವುದನ್ನು ಮನೆಯವರೆಲ್ಲ ಕಲಿಯಬಹುದು. ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿರಿ. ಕಾಲು ಗಂಟೆ ನೆರಳಿನಲ್ಲಿ ಕುಳಿತ ಮೇಲೂ 100ಕ್ಕಿಂತ ಮೇಲಿದ್ದರೆ, ಅಥವಾ ಒಂದು ಬಡಿತ ಹತ್ತಿರ ಒಂದು ದೂರ ಬರುತ್ತಿದ್ದರೆ, ಆ ದಿನ ಕೆಲಸ ಬೇಡ, ಆಸ್ಪತ್ರೆಗೆ ತೋರಿಸಿರಿ. ಎದೆನೋವು, ತಲೆಸುತ್ತಿ ಬೀಳುವುದು, ಅಸಂಬದ್ಧ ಮಾತು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿರಿ. ಬಿಸಿಲಿನ ಹೊಡೆತವಾಗಿದ್ದರೆ ನೆರಳಿಗೆ ಸಾಗಿಸಿ, ಮೈಗೆಲ್ಲ ನೀರು ಹಾಕಿ, ಗಾಡಿ ಬರುವವರೆಗೂ ಗಾಳಿ ಬೀಸುತ್ತಿರಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿರಿ.